ವೈಪರ್ ಬದಲಿಸುವ ಮೊದಲು ಗಾಜನ್ನು ನೋಡಿ: ಕಾರಿನ ಮುಂಭಾಗದ ಗಾಜನ್ನು ತಿಳಿಯಾಗಿಡುವ ಕ್ರಮ

ಮಳೆಯಲ್ಲಿ ವೈಪರ್ ಆಡಿದ ಮೇಲೂ ಗಾಜಿನ ಮೇಲೆ ಗೆರೆಗಳು ಉಳಿದರೆ ಹೆಚ್ಚಿನವರು ಮೊದಲು ಹೊಸ ಬ್ಲೇಡ್ ಕೊಳ್ಳಲು ಹೋಗುತ್ತಾರೆ. ಹೊಸದನ್ನು ಹಾಕಿದ ಕೆಲವು ದಿನ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಆಮೇಲೆ ಅದೇ ಗೆರೆ, ಅದೇ ಮಬ್ಬು, ಅದೇ ಕಿರುಗುಟ್ಟುವ ಸದ್ದು. ಬ್ಲೇಡೇ ಕಳಪೆಯೆಂದು ಮತ್ತೊಂದು ಜೋಡಿ ತರುವವರೂ ಇದ್ದಾರೆ. ಆದರೆ ವೈಪರ್ ಒಂಟಿಯಾಗಿ ಕೆಲಸ ಮಾಡುವ ಸಾಧನವಲ್ಲ. ರಬ್ಬರಿನ ಅಂಚು, ಅದು ಸರಿಯುವ ಗಾಜಿನ ಮೈ, ಅವೆರಡರ ನಡುವಿನ ನೀರು ಇವು ಮೂರೂ ಚೊಕ್ಕಟವಾಗಿದ್ದರೆ ಮಾತ್ರ ಎದುರಿನ ರಸ್ತೆ ಸ್ಪಷ್ಟವಾಗಿ ಕಾಣುತ್ತದೆ. ಬಹಳಷ್ಟು ಸಲ ದೋಷವಿರುವುದು ಗಾಜಿನ ಮೇಲೆ. ಆದ್ದರಿಂದ ಮೊದಲು ಗಾಜು, ಆಮೇಲೆ ರಬ್ಬರು, ಕಡೆಗೆ ಖರೀದಿ ಎಂಬ ಕ್ರಮದಲ್ಲಿ ಇಲ್ಲಿ ವಿಷಯವನ್ನು ಹೇಳಿದ್ದೇನೆ.

ಬ್ಲೇಡ್ ಕೆಲಸ ಮಾಡುವ ಬಗೆ

ವೈಪರಿನಲ್ಲಿ ಗಾಜನ್ನು ನಿಜವಾಗಿ ಮುಟ್ಟುವ ಭಾಗ ಒಂದು ಮಿಲಿಮೀಟರಿಗಿಂತಲೂ ತೆಳುವಾದ ರಬ್ಬರಿನ ಅಂಚು ಮಾತ್ರ. ತೋಳಿನೊಳಗಿನ ಸ್ಪ್ರಿಂಗ್ ಅದನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ಚಲಿಸುವಾಗ ಈ ಅಂಚು ಹಿಂದಕ್ಕೆ ಬಾಗಿ, ಸುಮಾರು 45 ಡಿಗ್ರಿ ಓರೆಯಲ್ಲಿ ಗಾಜಿನ ಮೇಲೆ ಜಾರುತ್ತದೆ. ತೋಳು ದಿಕ್ಕು ಬದಲಿಸಿದ ಕ್ಷಣದಲ್ಲಿ ಅಂಚೂ ಮಗುಚಿಕೊಂಡು ಇನ್ನೊಂದು ಕಡೆಗೆ ವಾಲಬೇಕು. ಹೀಗೆ ಮಗುಚುವುದಕ್ಕೆ ರಬ್ಬರು ಮೆದುವಾಗಿರಬೇಕು, ನೀರನ್ನು ಕತ್ತರಿಸುವುದಕ್ಕೆ ಅದರ ಕೊನೆ ಚೂಪಾಗಿರಬೇಕು. ಬಿಸಿಲು, ಗಾಳಿಯಲ್ಲಿರುವ ಓಜೋನ್ ಮತ್ತು ಎಂಜಿನ್ನಿನ ಶಾಖಕ್ಕೆ ಸಿಕ್ಕಿ ರಬ್ಬರು ಗಡುಸಾದಾಗ ಅಂಚು ಒಂದೇ ಕಡೆಗೆ ಬಾಗಿ ಹಾಗೆಯೇ ಉಳಿದುಬಿಡುತ್ತದೆ. ಆಗ ಅದು ಹೋಗುವಾಗ ಸರಿಯಾಗಿ ಒರೆಸಿ, ಬರುವಾಗ ತಡತಡನೆ ನಡುಗುತ್ತ ಹಾರುತ್ತದೆ.

ಒರೆಸಿದ ಮೇಲೆ ಗಾಜಿನ ಮೇಲೆ ನೀರು ಪೂರ್ತಿ ಇಲ್ಲವಾಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದ, ಎಲ್ಲೆಡೆ ಸಮನಾದ ಒಂದು ಪದರ ಉಳಿದು ಕೂಡಲೇ ಆರಿಹೋಗುತ್ತದೆ. ರಬ್ಬರು ಸಲೀಸಾಗಿ ಜಾರಲು ಈ ನೀರಿನ ಪದರ ಅಗತ್ಯ. ಗಾಜು ಅರೆ ಒಣಗಿರುವಾಗ, ಅಂದರೆ ತುಂತುರು ಮಳೆಯಲ್ಲಿ ಅಥವಾ ಮಳೆ ನಿಂತ ಮೇಲೆ ವೈಪರ್ ಆಡುತ್ತಲೇ ಇದ್ದರೆ ರಬ್ಬರು ವೇಗವಾಗಿ ಸವೆಯುತ್ತದೆ, ಸದ್ದೂ ಮಾಡುತ್ತದೆ. ಬಿಟ್ಟು ಬಿಟ್ಟು ಆಡುವ ವೈಪರಿನ ನಿಜವಾದ ಉಪಯೋಗವಿರುವುದು ಇಲ್ಲಿಯೇ. ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದ ವೈಪರನ್ನು ವಾಹನದೊಳಗಿನ ಸನ್ನೆಯಿಂದ ಕೈಯಲ್ಲೇ ಆಡಿಸಬೇಕಿತ್ತು. ಎರಡು ಒರೆತಗಳ ನಡುವೆ ಎಷ್ಟು ಹೊತ್ತು ಬಿಡಬೇಕೆಂಬ ನಿರ್ಧಾರ ಆಗ ಮನುಷ್ಯನದಾಗಿತ್ತು. ರಾಬರ್ಟ್ ಕರ್ನ್ಸ್ ಅವರಿಗೆ 1967ರಲ್ಲಿ ಪೇಟೆಂಟ್ ದೊರೆತ ವಿದ್ಯುನ್ಮಾನ ವ್ಯವಸ್ಥೆ ಆ ವಿರಾಮವನ್ನು ತಾನೇ ನೋಡಿಕೊಂಡಿತು. ತುಂತುರಿನಲ್ಲಿ ಆ ವಿರಾಮದ ಗುಂಡಿಯನ್ನು ಬಳಸುವ ಅಭ್ಯಾಸವೊಂದೇ ಬ್ಲೇಡಿನ ಆಯುಷ್ಯವನ್ನು ಸಾಕಷ್ಟು ಹೆಚ್ಚಿಸುತ್ತದೆ.

ಗುರುತು ನೋಡಿ ದೋಷ ಹಿಡಿಯುವುದು

ಏನನ್ನಾದರೂ ಬದಲಿಸುವ ಮುನ್ನ ಗಾಜಿಗೆ ನೀರು ಹಾಯಿಸಿ, ವೈಪರನ್ನು ನಿಧಾನ ವೇಗದಲ್ಲಿ ಆಡಿಸಿ, ಅದು ಬಿಟ್ಟುಹೋಗುವ ಗುರುತನ್ನು ಗಮನಿಸಿ ನೋಡಬೇಕು. ತೆಳುವಾದ ಒಂದೆರಡು ಗೆರೆಗಳು ಯಾವಾಗಲೂ ಅದೇ ಜಾಗದಲ್ಲಿ ಕಮಾನಿನಂತೆ ಮೂಡಿದರೆ ಅಂಚಿನಲ್ಲಿ ಕಸದ ಕಣ ಸಿಕ್ಕಿದೆ ಅಥವಾ ಅಷ್ಟು ಭಾಗದಲ್ಲಿ ರಬ್ಬರು ಕಚ್ಚು ಬಿದ್ದಿದೆ. ಬ್ಲೇಡ್ ಹಾದುಹೋದಲ್ಲೆಲ್ಲ ಹಾಲಿನಂಥ ಮಬ್ಬು ಹರಡಿ ಕ್ಷಣದಲ್ಲಿ ಆರಿದರೆ ಅದು ಗಾಜಿನ ಮೇಲಿನ ಎಣ್ಣೆಯ ಅಥವಾ ಮೇಣದ ಪದರ. ಅಗಲವಾದ ಪಟ್ಟಿಯಷ್ಟು ಜಾಗ ಒರೆಸದೆ ಉಳಿದರೆ ಬ್ಲೇಡಿನ ಬಾಗು ಗಾಜಿನ ಬಾಗಿಗೆ ಹೊಂದುತ್ತಿಲ್ಲ, ಇಲ್ಲವೇ ಚೌಕಟ್ಟು ಸೊಟ್ಟಾಗಿದೆ, ಇಲ್ಲವೇ ತೋಳಿನ ಸ್ಪ್ರಿಂಗ್ ಸಡಿಲಗೊಂಡಿದೆ. ನಿಧಾನವಾಗಿ ಹೋಗುವಾಗ ಸರಿಯಿದ್ದು ಹೆದ್ದಾರಿಯ ವೇಗದಲ್ಲಿ ಮಾತ್ರ ಒರೆಸದೆ ಬಿಟ್ಟರೆ ಗಾಳಿ ಬ್ಲೇಡನ್ನು ಎತ್ತುತ್ತಿದೆಯೆಂದು ತಿಳಿಯಬಹುದು.

ನಡುಗುತ್ತ ಹಾರುವ ಬ್ಲೇಡಿಗೆ ಕಾರಣ ಮೂರು ಕಡೆ ಇರಬಹುದು. ಗಾಜಿನ ಮೇಲೆ ಮೇಣ ಅಂಟಿರಬಹುದು, ರಬ್ಬರು ಗಡುಸಾಗಿರಬಹುದು, ಅಥವಾ ತೋಳು ತಿರುಚಿಕೊಂಡಿರಬಹುದು. ತೋಳಿನ ಅನುಮಾನ ಬಂದರೆ ವೈಪರನ್ನು ಗಾಜಿನ ನಡುವೆ ನಿಲ್ಲಿಸಿ, ಬ್ಲೇಡಿನ ತುದಿಯ ಕಡೆಯಿಂದ ನೋಡಬೇಕು. ಅಲ್ಲಿ ಬ್ಲೇಡ್ ಗಾಜಿಗೆ ನೇರವಾಗಿ, ಲಂಬವಾಗಿ ನಿಂತಿರಬೇಕು. ಒಂದು ಕಡೆಗೆ ವಾಲಿದ್ದರೆ ಎಷ್ಟೇ ಒಳ್ಳೆಯ ಬ್ಲೇಡ್ ಹಾಕಿದರೂ ಒಂದು ದಿಕ್ಕಿನಲ್ಲಿ ಅದು ನಡುಗಿಯೇ ತೀರುತ್ತದೆ. ಯಂತ್ರದ ಕುಂಚಗಳಿರುವ ತೊಳೆಯುವ ಕೇಂದ್ರಗಳಲ್ಲಿ ತೋಳು ಸಿಕ್ಕಿಕೊಂಡಾಗ ಅಥವಾ ಯಾರಾದರೂ ಅದನ್ನು ಓರೆಯಾಗಿ ಎಳೆದಾಗ ಹೀಗಾಗುತ್ತದೆ. ತೋಳನ್ನು ಬಗ್ಗಿಸಿ ಸರಿಪಡಿಸುವುದು ಮೆಕ್ಯಾನಿಕ್‌ನ ಕೆಲಸ. ಮನೆಯಲ್ಲಿ ಇಕ್ಕುಳ ಹಿಡಿದು ತಿರುಚಲು ಹೋದರೆ ಗಾಜು ಒಡೆಯುವ ಸಂಭವ ಹೆಚ್ಚು.

ಗಾಜಿನ ಹೊರಮೈ

ಗಾಜಿನ ಮೇಲೆ ಕೂರುವ ಕೊಳೆ ಒಂದೇ ಬಗೆಯದಲ್ಲ, ಹಾಗಾಗಿ ಒಂದೇ ದ್ರಾವಣದಿಂದ ಎಲ್ಲವೂ ಹೋಗುವುದಿಲ್ಲ. ಮುಂದೆ ಹೋಗುವ ವಾಹನಗಳ ಚಕ್ರ ಎರಚುವ ಎಣ್ಣೆಮಿಶ್ರಿತ ನೀರು ಮತ್ತು ಡೀಸೆಲ್ ಹೊಗೆಯ ಮಸಿ ಸೇರಿ ಒಂದು ಜಿಡ್ಡು ಪದರವಾಗುತ್ತದೆ. ಕಾರು ತೊಳೆಯುವಾಗ ಬಳಸಿದ ಮೇಣ ಮತ್ತು ಹೊಳಪಿನ ದ್ರವಗಳು ಗಾಜಿಗೂ ಹರಿದು ಅಂಟುತ್ತವೆ. ಮರದ ಅಂಟು, ಹಕ್ಕಿಯ ಹಿಕ್ಕೆ, ಹುಳುಗಳ ಅವಶೇಷ ಇವು ಇನ್ನೊಂದು ಗುಂಪು. ಗಡುಸು ನೀರು ಆರಿದಾಗ ಉಳಿಯುವ ಬಿಳಿಯ ಚುಕ್ಕೆಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಇವು ಸಾಬೂನಿಗೆ ಜಗ್ಗುವುದಿಲ್ಲ.

ಕೆಲಸವನ್ನು ನೆರಳಿನಲ್ಲಿ, ಗಾಜು ತಣ್ಣಗಿರುವಾಗ ಶುರುಮಾಡಬೇಕು. ಬಿಸಿ ಗಾಜಿನ ಮೇಲೆ ದ್ರಾವಣ ಒರೆಸುವ ಮೊದಲೇ ಆರಿ ಹೊಸ ಕಲೆಗಳನ್ನು ಮಾಡುತ್ತದೆ. ಮೊದಲ ಹಂತ ಧಾರಾಳ ನೀರು. ಒಣ ಬಟ್ಟೆಯಿಂದ ಧೂಳು ಒರೆಸುವುದು ಗಾಜಿಗೆ ಮಾಡುವ ದೊಡ್ಡ ಅಪಚಾರ, ಏಕೆಂದರೆ ಮರಳಿನಲ್ಲಿರುವ ಸ್ಫಟಿಕ ಶಿಲೆಯ ಕಣದ ಗಡಸುತನ ಮೋಸ್ ಮಾಪಕದಲ್ಲಿ 7, ಗಾಜಿನದು ಸುಮಾರು 5.5. ಅಂದರೆ ಬಟ್ಟೆಯ ಅಡಿಯಲ್ಲಿ ಸಿಕ್ಕ ಪ್ರತಿ ಮರಳ ಕಣವೂ ಗಾಜನ್ನು ಗೀರಬಲ್ಲದು. ಧೂಳು ಕವಿದ ಗಾಜಿನ ಮೇಲೆ ನೀರಿಲ್ಲದೆ ವೈಪರ್ ಆಡಿಸಬಾರದೆಂಬುದಕ್ಕೂ ಇದೇ ಕಾರಣ. ನೀರು ಹಾಯಿಸಿ ಕಣಗಳೆಲ್ಲ ಇಳಿದ ಮೇಲೆ ಕಾರು ತೊಳೆಯುವ ಶಾಂಪೂ ಹಾಕಿದ ನೀರಿನಿಂದ, ಮೆದುವಾದ ಸ್ಪಂಜಿನಿಂದ ಉಜ್ಜಿ, ಪೂರ್ತಿಯಾಗಿ ತೊಳೆಯಬೇಕು.

ಎರಡನೆಯ ಹಂತ ಜಿಡ್ಡು ತೆಗೆಯುವುದು. ಗಾಜಿಗೆಂದೇ ಮಾಡಿದ ಕ್ಲೀನರ್ ಸಾಮಾನ್ಯವಾಗಿ ಸಾಕು. ಅದು ಸಾಲದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ಶುದ್ಧ ನೀರು ಬೆರೆಸಿ, ಬಟ್ಟೆಗೆ ಸ್ವಲ್ಪವೇ ತಾಗಿಸಿಕೊಂಡು ಒರೆಸಬಹುದು. ಅದನ್ನು ಬಾನೆಟ್ಟಿನ ಬಣ್ಣದ ಮೇಲೆ ಹರಿಯಲು ಬಿಡಬಾರದು. ಬಟ್ಟೆ ಮೈಕ್ರೋಫೈಬರಿನದಾಗಿರಲಿ, ಎರಡಿರಲಿ: ಒಂದು ಒರೆಸಲು, ಇನ್ನೊಂದು ಒಣಗಿಸಲು. ಬಣ್ಣಕ್ಕೆ ಮೇಣ ಹಚ್ಚಿದ ಬಟ್ಟೆ ಗಾಜಿನ ಹತ್ತಿರ ಸುಳಿಯಲೇಬಾರದು. ಈ ಬಟ್ಟೆಗಳನ್ನು ಒಗೆಯುವಾಗ ಬಟ್ಟೆ ಮೆದುವಾಗಿಸುವ ದ್ರವ ಹಾಕಬಾರದು, ಏಕೆಂದರೆ ಅದು ನೂಲಿನಲ್ಲಿ ಉಳಿದು ಗಾಜಿಗೆ ಅಂಟುತ್ತದೆ.

ಬಿಳಿಯ ಲವಣದ ಚುಕ್ಕೆಗಳಿಗೆ ಹುಳಿಯೇ ಮದ್ದು. ಬಿಳಿ ವಿನಿಗರಿಗೆ ಸಮಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ, ಚುಕ್ಕೆಗಳ ಮೇಲೆ ಕೆಲವು ನಿಮಿಷ ಹಾಸಿ, ಅನಂತರ ಉಜ್ಜಿ ತೊಳೆದರೆ ಹೊಸ ಚುಕ್ಕೆಗಳು ಬಿಡುತ್ತವೆ. ಬಹುಕಾಲ ಬಿಸಿಲಿನಲ್ಲಿ ಕುಳಿತು ಗಾಜನ್ನೇ ಕೊರೆದಿರುವ ಹಳೆಯ ಕಲೆಗಳಿಗೆ ಸೀರಿಯಂ ಆಕ್ಸೈಡ್ ಇರುವ ಗಾಜಿನ ಪಾಲಿಶ್ ಬೇಕಾಗುತ್ತದೆ. ಮೇಲೆ ಅಂಟಿದ, ಬೆರಳಿಗೆ ತರಿತರಿಯಾಗಿ ಸಿಗುವ ಕೊಳೆಗೆ ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯಂಥ ಉಂಡೆಯನ್ನು, ಸಾಕಷ್ಟು ನೀರಿನ ಜಾರಿಕೆಯೊಡನೆ ಉಜ್ಜುವುದು ಒಳ್ಳೆಯ ವಿಧಾನ. ಒಮ್ಮೆ ನೆಲಕ್ಕೆ ಬಿದ್ದ ಕ್ಲೇ ಉಂಡೆಯನ್ನು ಮತ್ತೆ ಬಳಸಬೇಡಿ.

ಗಾಜು ನಿಜವಾಗಿ ಚೊಕ್ಕಟವಾಯಿತೇ ಎಂದು ತಿಳಿಯುವ ಪರೀಕ್ಷೆ ಸುಲಭ. ಯಾವ ಲೇಪವೂ ಇಲ್ಲದ ಶುದ್ಧ ಗಾಜಿನ ಮೇಲೆ ನೀರು ಹಾಯಿಸಿದರೆ ಅದು ಒಂದೇ ಹಾಳೆಯಾಗಿ ಹರಡಿ ಇಳಿಯುತ್ತದೆ. ಅಲ್ಲಲ್ಲಿ ಹಾಳೆ ಹರಿದು ಹನಿಗಟ್ಟಿದರೆ ಅಷ್ಟು ಜಾಗದಲ್ಲಿ ಜಿಡ್ಡು ಇನ್ನೂ ಇದೆ. ಈ ಪರೀಕ್ಷೆಯಲ್ಲಿ ಗಾಜು ಗೆಲ್ಲುವ ತನಕ ಬ್ಲೇಡಿನ ಬಗ್ಗೆ ತೀರ್ಪು ಕೊಡುವುದು ಅವಸರದ ಮಾತು.

ನೀರನ್ನು ಹನಿಗಟ್ಟಿಸಿ ಓಡಿಸುವ ಲೇಪಗಳ ಬಗ್ಗೆಯೂ ಒಂದು ಮಾತು. ಇವುಗಳಿಂದ ಹೆದ್ದಾರಿಯ ವೇಗದಲ್ಲಿ ಹನಿಗಳು ಗಾಳಿಯ ಒತ್ತಡಕ್ಕೇ ಜಾರಿಹೋಗಿ, ವೈಪರಿನ ಕೆಲಸ ಕಡಿಮೆಯಾಗುತ್ತದೆ. ಆದರೆ ನಿಧಾನದ ಸಂಚಾರದಲ್ಲಿ ಹನಿಗಳು ಗಾಜಿನ ಮೇಲೆಯೇ ಕುಳಿತಿರುತ್ತವೆ, ರಬ್ಬರಿನ ಜಾರಿಕೆಗೆ ಬೇಕಾದ ಸಮನಾದ ನೀರಿನ ಪದರ ನಿಲ್ಲುವುದಿಲ್ಲ, ಲೇಪ ಅಲ್ಲಲ್ಲಿ ಸವೆದ ಮೇಲಂತೂ ಬ್ಲೇಡ್ ನಡುಗತೊಡಗುತ್ತದೆ. ಬಹುಪಾಲು ಊರೊಳಗೇ ಓಡಾಡುವ ಕಾರಿಗೆ ಲೇಪಕ್ಕಿಂತ ಚೊಕ್ಕಟವಾದ ಬರಿ ಗಾಜೇ ಮೇಲು ಎಂಬುದು ನನ್ನ ಅಭಿಪ್ರಾಯ. ಲೇಪ ಹಚ್ಚುವುದೇ ಆದರೆ ಮೇಲೆ ಹೇಳಿದ ಎಲ್ಲ ಹಂತಗಳನ್ನೂ ಮುಗಿಸಿ, ಇಡೀ ಗಾಜಿಗೆ ಸಮನಾಗಿ ಹಚ್ಚಿ, ಸವೆದಾಗ ಪೂರ್ತಿ ತೆಗೆದು ಹೊಸದಾಗಿ ಹಚ್ಚಬೇಕು.

ರಬ್ಬರನ್ನು ಒರೆಸುವುದು

ಗಾಜು ತೊಳೆದ ದಿನವೇ ಬ್ಲೇಡನ್ನೂ ಒರೆಸಬೇಕು. ಮಳೆ ಗುರುತಿಸಿ ತಾನೇ ಆಡುವ ವೈಪರ್ ಇರುವ ಕಾರಿನಲ್ಲಿ ಅದನ್ನು ಮೊದಲು ಆರಿಸಬೇಕು. ಒಳಗಿನ ಕನ್ನಡಿಯ ಹಿಂದಿರುವ ಸೆನ್ಸರ್ ಗಾಜಿನೊಳಗೆ ಅವಕೆಂಪು ಬೆಳಕು ಹಾಯಿಸಿ, ಹೊರಗೆ ನೀರು ಬಿದ್ದಾಗ ಪ್ರತಿಫಲಿಸಿ ಮರಳುವ ಬೆಳಕು ಕಡಿಮೆಯಾಗುವುದನ್ನು ಅಳೆಯುತ್ತದೆ. ಒದ್ದೆ ಬಟ್ಟೆಯೂ ಅದಕ್ಕೆ ಮಳೆಯೇ. ಬೆರಳು ಅಲ್ಲಿರುವಾಗಲೇ ವೈಪರ್ ಆಡೀತು. ಯಂತ್ರದಲ್ಲಿ ತೊಳೆಸುವಾಗಲೂ ಇದೇ ಎಚ್ಚರಿಕೆ ಬೇಕು.

ತೋಳನ್ನು ಎತ್ತಿ, ನೀರು ಮತ್ತು ಸ್ವಲ್ಪ ಶಾಂಪೂ ತಾಗಿಸಿದ ಮೆದು ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಹಿಡಿದು, ರಬ್ಬರಿನ ಅಂಚನ್ನು ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಬಟ್ಟೆಗೆ ಕಪ್ಪು ಹತ್ತುವುದು ಸಹಜ; ಅನೇಕ ಬ್ಲೇಡುಗಳ ಅಂಚಿಗೆ ಜಾರಿಕೆಗಾಗಿ ಗ್ರಾಫೈಟ್ ಲೇಪಿಸಿರುತ್ತಾರೆ. ಅದೇ ಕಾರಣಕ್ಕೆ ಕಪ್ಪು ನಿಲ್ಲುವವರೆಗೂ ಉಜ್ಜುತ್ತ ಕೂರಬಾರದು, ಪೆಟ್ರೋಲ್ ಅಥವಾ ತಿನ್ನರ್ ಮುಟ್ಟಿಸಬಾರದು. ಅಂಚನ್ನು ಮರಳುಕಾಗದದಿಂದ ಉಜ್ಜಿ ಹೊಸದಾಗಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಕತ್ತರಿಸಿದಷ್ಟು ಚೊಕ್ಕವಾಗಿರಬೇಕಾದ ಅಂಚು ಅದರಿಂದ ಒರಟಾಗುತ್ತದೆ, ಲೇಪವೂ ಹೋಗುತ್ತದೆ. ನಾನು ಅದನ್ನು ಖಂಡಿತ ಸೂಚಿಸುವುದಿಲ್ಲ. ಒರೆಸಿದ ಮೇಲೆ ಅಂಚಿನುದ್ದಕ್ಕೂ ಕಣ್ಣಾಡಿಸಿ: ಬಿರುಕು, ಹರಿದ ಚೂರು, ಚೌಕಟ್ಟಿನಿಂದ ಬಿಟ್ಟುಕೊಂಡ ತುದಿ, ಒಂದೇ ಕಡೆಗೆ ಬಾಗಿ ಉಳಿದ ಅಂಚು ಇವುಗಳಲ್ಲಿ ಯಾವುದು ಕಂಡರೂ ಬದಲಿಸುವ ಕಾಲ ಬಂದಿದೆ. ಏನೂ ಕಾಣದಿದ್ದರೂ ಸಾಮಾನ್ಯ ರಬ್ಬರನ್ನು ಆರು ತಿಂಗಳಿನಿಂದ ಒಂದು ವರ್ಷದೊಳಗೆ ಬದಲಿಸುವುದು ರೂಢಿ. ದಿನವಿಡೀ ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಈ ಅವಧಿ ಇನ್ನೂ ಕಡಿಮೆ. ಮಳೆಗಿಂತ ಬಿಸಿಲೇ ರಬ್ಬರಿನ ದೊಡ್ಡ ಶತ್ರು.

ಹೊಸ ಬ್ಲೇಡಿನ ಆಯ್ಕೆ

ಮೊದಲು ಉದ್ದ. ಚಾಲಕನ ಕಡೆಯ ಬ್ಲೇಡ್ ಮತ್ತು ಪಕ್ಕದ ಸೀಟಿನ ಕಡೆಯದು ಬಹಳಷ್ಟು ಕಾರುಗಳಲ್ಲಿ ಬೇರೆ ಬೇರೆ ಉದ್ದದವು. ಒಂದು 24 ಇಂಚು ಇದ್ದು ಇನ್ನೊಂದು 16 ಇಂಚು ಇರುವುದು ಅಪರೂಪವಲ್ಲ. ಕಾರಿನ ಕೈಪಿಡಿಯಲ್ಲಿ ಅಳತೆ ಸಿಗುತ್ತದೆ; ಇಲ್ಲದಿದ್ದರೆ ರಬ್ಬರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯಬೇಕು. ಹಿಂದಿನ ಮಾಲೀಕರು ತಪ್ಪು ಅಳತೆಯದನ್ನು ಹಾಕಿಸಿರಲೂ ಸಾಧ್ಯವಾದ್ದರಿಂದ ಕೈಪಿಡಿಯ ಅಂಕಿಯೇ ಹೆಚ್ಚು ನಂಬಿಕೆಗೆ ಅರ್ಹ. ಇನ್ನಷ್ಟು ಜಾಗ ಒರೆಸಲಿ ಎಂದು ಉದ್ದದ ಬ್ಲೇಡ್ ಹಾಕಿದರೆ ಅದು ಜೊತೆಯದಕ್ಕೋ ಗಾಜಿನ ಚೌಕಟ್ಟಿಗೋ ಬಡಿಯುತ್ತದೆ. ಜೊತೆಗೆ ಸ್ಪ್ರಿಂಗಿನ ಅದೇ ಒತ್ತಡ ಹೆಚ್ಚು ಉದ್ದಕ್ಕೆ ಹಂಚಿಹೋಗಿ ಒರೆತ ದುರ್ಬಲವಾಗುತ್ತದೆ.

ಎರಡನೆಯದು ಜೋಡಣೆಯ ಬಗೆ. ತೋಳಿನ ತುದಿ ಕೊಕ್ಕೆಯಂತೆ ಬಾಗಿರಬಹುದು, ಪಕ್ಕದಲ್ಲಿ ಕಡ್ಡಿ ಚಾಚಿಕೊಂಡಿರಬಹುದು, ಇಲ್ಲವೇ ಚಪ್ಪಟೆಯಾಗಿದ್ದು ಗುಂಡಿ ಒತ್ತಿದಾಗ ಬಿಡುವಂಥದ್ದಾಗಿರಬಹುದು. ಕೊಕ್ಕೆಗಳಲ್ಲೂ ಅಗಲದ ವ್ಯತ್ಯಾಸಗಳಿವೆ. ಪೆಟ್ಟಿಗೆಯಲ್ಲಿ ಹಲವು ಬಗೆಯ ಪ್ಲಾಸ್ಟಿಕ್ ತುಂಡುಗಳನ್ನು ಕೊಟ್ಟಿರುತ್ತಾರೆ. ನಿಮ್ಮ ತೋಳಿಗೆ ಒಪ್ಪುವುದು ಅದರಲ್ಲಿದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ತೋಳಿನ ತುದಿಯ ಒಂದು ಫೋಟೋ ಫೋನಿನಲ್ಲಿದ್ದರೆ ಅಂಗಡಿಯವರಿಗೆ ಬಾಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ.

ಮೂರನೆಯದು ರಚನೆ. ಲೋಹದ ಚೌಕಟ್ಟಿನ ಹಳೆಯ ಮಾದರಿಯಲ್ಲಿ ಹಲವು ಕವಲುಗಳು ರಬ್ಬರನ್ನು ಅಲ್ಲಲ್ಲಿ ಒತ್ತಿ ಹಿಡಿಯುತ್ತವೆ. ಬೆಲೆ ಕಡಿಮೆ, ಕೆಲವದರಲ್ಲಿ ರಬ್ಬರನ್ನು ಮಾತ್ರ ಬದಲಿಸಲೂ ಬರುತ್ತದೆ. ಆದರೆ ಕೀಲುಗಳಲ್ಲಿ ತುಕ್ಕು ಮತ್ತು ಮಣ್ಣು ಸೇರಿ ಬಿಗಿಯಾಗುತ್ತವೆ, ಮಂಜು ಬೀಳುವ ಕಡೆ ಹೆಪ್ಪುಗಟ್ಟುತ್ತವೆ. ಚೌಕಟ್ಟಿಲ್ಲದ ಚಪ್ಪಟೆ ಮಾದರಿಯಲ್ಲಿ ಮೊದಲೇ ಬಾಗಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿ ಇಡೀ ಉದ್ದಕ್ಕೂ ಸಮನಾದ ಒತ್ತಡ ಕೊಡುತ್ತದೆ, ಅದರ ಮೇಲ್ಭಾಗದ ರೆಕ್ಕೆಯಂಥ ಆಕಾರ ವೇಗದಲ್ಲಿ ಬ್ಲೇಡ್ ಏಳದಂತೆ ತಡೆಯುತ್ತದೆ. ಇದರ ಒಂದು ಮಿತಿಯೆಂದರೆ ಉಕ್ಕಿನ ಬಾಗು ನಿಮ್ಮ ಗಾಜಿನ ಬಾಗಿಗೆ ಹೊಂದಲೇಬೇಕು. ಹೊಂದದಿದ್ದರೆ ತುದಿಗಳು ಗಾಜಿನಿಂದ ಎದ್ದಿರುತ್ತವೆ. ಹೈಬ್ರಿಡ್ ಎಂಬುದು ಒಳಗೆ ಕವಲಿನ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ನಡುವಿನ ಮಾದರಿ. ಕಾರು ತಯಾರಾಗಿ ಬಂದಾಗ ಯಾವ ಮಾದರಿ ಇತ್ತೋ ಅದನ್ನೇ ಮುಂದುವರಿಸುವುದು ಕಡಿಮೆ ತೊಂದರೆಯ ದಾರಿ, ಏಕೆಂದರೆ ತೋಳಿನ ಒತ್ತಡವನ್ನು ಆ ಮಾದರಿಗೆ ತಕ್ಕಂತೆಯೇ ಇಟ್ಟಿರುತ್ತಾರೆ.

ಇನ್ನುಳಿದದ್ದು ರಬ್ಬರಿನ ಗುಣ. ಸಹಜ ರಬ್ಬರು ಮೆದುವಾಗಿ ಚೆನ್ನಾಗಿ ಒರೆಸುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಸಂಶ್ಲೇಷಿತ ರಬ್ಬರಿನ ಮಿಶ್ರಣಗಳು ಹೆಚ್ಚು ತಡೆಯುತ್ತವೆ. ಸಿಲಿಕೋನ್ ಬಿಸಿಲು, ಓಜೋನ್ ಮತ್ತು ಚಳಿ ಮೂರನ್ನೂ ತಾಳಿ ಬಹುಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಕೆಲವು ಸಿಲಿಕೋನ್ ಬ್ಲೇಡುಗಳು ಗಾಜಿನ ಮೇಲೆ ನೀರು ಹನಿಗಟ್ಟಿಸುವ ತೆಳು ಪದರವನ್ನು ತಾವೇ ಹಚ್ಚುತ್ತ ಹೋಗುತ್ತವೆ. ಜಿಡ್ಡಿನ ಗಾಜಿನ ಮೇಲೆ ಇವು ಬೇಗ ನಡುಗುವುದರಿಂದ ಸಿಲಿಕೋನ್ ಹಾಕುವವರು ಗಾಜಿನ ತಯಾರಿಯಲ್ಲಿ ಯಾವ ಹಂತವನ್ನೂ ಬಿಡಬಾರದು. ಎರಡೂ ಬ್ಲೇಡನ್ನು ಒಟ್ಟಿಗೇ ಬದಲಿಸಿ, ಒಂದೇ ಬಗೆಯದನ್ನು ಹಾಕಿ. ಹಿಂಭಾಗದ ಗಾಜಿನ ವೈಪರ್ ಕಡಿಮೆ ಆಡುತ್ತದೆಯಾದರೂ ರಬ್ಬರು ಬಿಸಿಲಿಗೆ ಅಷ್ಟೇ ಗಡುಸಾಗುತ್ತದೆ. ಅದನ್ನು ಮರೆಯುವವರೇ ಹೆಚ್ಚು.

ಬ್ಲೇಡ್ ಬದಲಿಸುವ ವಿಧಾನ

ಕಾರಿನ ಬೀಗದ ಕೈಯನ್ನು ಆಫ್ ಸ್ಥಿತಿಗೆ ತಂದು ಕೆಲಸ ಶುರುಮಾಡಬೇಕು. ಕೆಲವು ಕಾರುಗಳಲ್ಲಿ ವೈಪರ್ ಬಾನೆಟ್ಟಿನ ಅಂಚಿನ ಕೆಳಗೆ ಅಡಗಿರುತ್ತದೆ. ಅಂಥವುಗಳಿಗೆ ಸರ್ವಿಸ್ ಸ್ಥಿತಿ ಎಂಬುದೊಂದಿದ್ದು, ಎಂಜಿನ್ ಆರಿಸಿದ ಕೂಡಲೇ ವೈಪರಿನ ಸನ್ನೆಯನ್ನು ಒತ್ತಿದರೆ ತೋಳುಗಳು ಮೇಲೆದ್ದು ನಿಲ್ಲುತ್ತವೆ. ನಿಖರವಾದ ಕ್ರಮ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಅಡಗಿರುವ ತೋಳನ್ನು ಬಲವಂತವಾಗಿ ಎತ್ತಿದರೆ ಬಾನೆಟ್ಟಿನ ಬಣ್ಣ ಕೆತ್ತಿಹೋಗುತ್ತದೆ.

ತೋಳನ್ನು ಎತ್ತುವ ಮೊದಲೇ ಗಾಜಿನ ಮೇಲೆ ದಪ್ಪವಾದ, ಮಡಚಿದ ಟವೆಲ್ ಹಾಸಿಡಿ. ಇದು ಐಚ್ಛಿಕವಲ್ಲ. ಬ್ಲೇಡ್ ಕಳಚಿದ ತೋಳು ಬರಿ ಲೋಹದ ತುಂಡು. ಸ್ಪ್ರಿಂಗಿನ ಬಲದಿಂದ ಅದು ಜಾರಿ ಬಿದ್ದರೆ ಒಂದೇ ಏಟಿಗೆ ಗಾಜು ಬಿರಿಯುತ್ತದೆ. ತೋಳನ್ನು ಎತ್ತಿ ನಿಲ್ಲಿಸಿ, ಬ್ಲೇಡನ್ನು ಅಡ್ಡಲಾಗಿ ತಿರುಗಿಸಿ, ಜೋಡಣೆಯ ಜಾಗದಲ್ಲಿರುವ ಚಿಕ್ಕ ಗುಂಡಿ ಅಥವಾ ಮುಚ್ಚಳವನ್ನು ಗುರುತಿಸಿ. ಕೊಕ್ಕೆಯ ಮಾದರಿಯಲ್ಲಿ ಗುಂಡಿ ಒತ್ತಿಹಿಡಿದು ಬ್ಲೇಡನ್ನು ತೋಳಿನ ಬುಡದ ಕಡೆಗೆ ಜಾರಿಸಿದರೆ ಅದು ಕೊಕ್ಕೆಯಿಂದ ಬಿಡುತ್ತದೆ. ಬಿಡದಿದ್ದರೆ ಬಲಪ್ರಯೋಗ ಬೇಡ, ಸ್ವಲ್ಪ ನೀರು ಹಾಯಿಸಿ ಮಣ್ಣು ತೊಳೆದು ಮತ್ತೆ ಪ್ರಯತ್ನಿಸಿ. ಹೊಸ ಬ್ಲೇಡನ್ನು ಅದೇ ಕ್ರಮದ ವಿರುದ್ಧ ದಿಕ್ಕಿನಲ್ಲಿ ಸೇರಿಸಿ, ಟಕ್ ಎಂಬ ಸದ್ದು ಕೇಳಿಸುವವರೆಗೆ ಒತ್ತಿ, ಮೆಲ್ಲಗೆ ಎಳೆದು ಭದ್ರವಾಗಿದೆಯೇ ನೋಡಿ. ಅಂಚಿನ ಮೇಲೆ ಪ್ಲಾಸ್ಟಿಕ್ ಕವಚವಿದ್ದರೆ ತೆಗೆಯಬೇಕು. ಅದನ್ನು ತೆಗೆಯದೆ ವೈಪರ್ ಒರೆಸುತ್ತಿಲ್ಲವೆಂದು ದೂರುವುದೂ ಉಂಟು. ಆಮೇಲೆ ತೋಳನ್ನು ಕೈಯಿಂದ ಹಿಡಿದೇ ನಿಧಾನವಾಗಿ ಗಾಜಿನ ಮೇಲೆ ಇಳಿಸಿ, ನೀರು ಹಾಯಿಸಿ ಎಲ್ಲ ವೇಗಗಳಲ್ಲೂ ಆಡಿಸಿ ನೋಡಿ.

ಇಡೀ ತೋಳನ್ನೇ ತೆಗೆಯಬೇಕಾದ ಸಂದರ್ಭ ಬಂದರೆ, ಬ್ಲೇಡ್ ಗಾಜಿನ ಮೇಲೆ ನಿಂತಿರುವ ಜಾಗಕ್ಕೆ ಮೊದಲು ಟೇಪು ಅಂಟಿಸಿ ಗುರುತು ಮಾಡಿಕೊಳ್ಳಿ. ಬುಡದ ನಟ್ಟಿನ ಕೆಳಗಿನ ಹಲ್ಲುಗಳಲ್ಲಿ ಒಂದು ಹಲ್ಲು ಆಚೀಚೆ ಕೂತರೂ ವೈಪರ್ ತಪ್ಪು ಜಾಗದಲ್ಲಿ ನಿಲ್ಲುತ್ತದೆ.

ತೊಳೆಯುವ ನೀರಿನ ತೊಟ್ಟಿ

ವಾಷರ್ ತೊಟ್ಟಿಗೆ ನಲ್ಲಿಯ ನೀರು ತುಂಬಿ ಮರೆಯುವುದು ಸಾಮಾನ್ಯ. ಗಡುಸು ನೀರಿನ ಲವಣ ನಾಜಲ್ಲಿನ ಸಣ್ಣ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ. ಬಹುಕಾಲ ನಿಂತ ಬರಿ ನೀರಿನಲ್ಲಿ ಪಾಚಿಯ ಜೊತೆಗೆ, ಶ್ವಾಸಕೋಶಕ್ಕೆ ಗಂಭೀರ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಕೂಡ ಬೆಳೆಯಬಲ್ಲದು. ವಾಷರಿಗೆಂದೇ ಮಾರುವ ದ್ರವವನ್ನು ಅದರ ಮೇಲೆ ಹೇಳಿದ ಪ್ರಮಾಣದಲ್ಲಿ ಶುದ್ಧೀಕರಿಸಿದ ನೀರಿಗೆ ಬೆರೆಸಿ ಹಾಕುವುದು ಸರಿಯಾದ ಕ್ರಮ. ಪಾತ್ರೆ ತೊಳೆಯುವ ಸಾಬೂನಿನ ದ್ರವ ನೊರೆಗಟ್ಟುತ್ತದೆ, ಒಣಗಿ ಪದರವಾಗುತ್ತದೆ, ಅಂದರೆ ನಾವು ಕಷ್ಟಪಟ್ಟು ತೆಗೆದ ಮಬ್ಬನ್ನೇ ಮರಳಿ ತರುತ್ತದೆ. ಎಂಜಿನ್ನಿನ ಕೂಲೆಂಟ್ ಅನ್ನು ಯಾವ ಕಾರಣಕ್ಕೂ ಇದರಲ್ಲಿ ಹಾಕಬಾರದು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಆ ತಾಪಮಾನಕ್ಕೆಂದು ಮಾಡಿದ ದ್ರವವೇ ಬೇಕು. ಇಂಥವುಗಳಲ್ಲಿ ಕೆಲವದರಲ್ಲಿ ವಿಷಕಾರಿಯಾದ ಮೆಥನಾಲ್ ಇರುವುದರಿಂದ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ನೀರು ಚಿಮ್ಮದಿದ್ದರೆ ಸನ್ನೆಯನ್ನು ಮತ್ತೆ ಮತ್ತೆ ಎಳೆಯಬೇಡಿ, ಒಣ ಪಂಪು ಬೇಗ ಸುಡುತ್ತದೆ. ಪಂಪಿನ ಸದ್ದು ಕೇಳಿಸಿಯೂ ನೀರು ಬಾರದಿದ್ದರೆ ತೊಟ್ಟಿ ಖಾಲಿಯಾಗಿದೆ, ಕೊಳವೆ ಕಳಚಿದೆ, ಅಥವಾ ನಾಜಲ್ ಕಟ್ಟಿದೆ. ಕಟ್ಟಿದ ನಾಜಲ್ಲನ್ನು ಸಪೂರವಾದ ಗುಂಡುಸೂಜಿಯಿಂದ ಮೆಲ್ಲಗೆ ಬಿಡಿಸಬಹುದು. ಗುಂಡಿನಂತೆ ತಿರುಗುವ ನಾಜಲ್ಲಾದರೆ ಅದೇ ಸೂಜಿಯಿಂದ ದಿಕ್ಕನ್ನೂ ಸರಿಪಡಿಸಿ, ನೀರು ಗಾಜಿನ ಮೇಲಿನ ಅರ್ಧಕ್ಕೆ ಬೀಳುವಂತೆ ಮಾಡಬೇಕು, ಏಕೆಂದರೆ ಓಡುವಾಗ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ.

ಒಳಮೈಯ ಮಬ್ಬು ಮತ್ತು ಆವಿ

ರಾತ್ರಿ ಎದುರಿನ ದೀಪ ಬಿದ್ದಾಗ ಇಡೀ ಗಾಜು ಬೆಳ್ಳಗೆ ಹೊಳೆದರೆ ಕಾರಣ ಹಲವು ಸಲ ಒಳಗಿರುತ್ತದೆ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಹೊರಬೀಳುವ ಆವಿ, ಉಸಿರಿನ ತೇವ, ಸಿಗರೇಟಿನ ಹೊಗೆ ಇವೆಲ್ಲ ಗಾಜಿನ ಒಳಮೈಗೆ ತೆಳುವಾಗಿ ಅಂಟುತ್ತವೆ. ಹೊಸ ಕಾರಿನಲ್ಲಿ ಇದು ಇನ್ನೂ ಹೆಚ್ಚು. ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ, ಗಾಜಿಗೆ ನೇರವಾಗಿ ಅಲ್ಲ. ಹನಿ ಡ್ಯಾಶ್‌ಬೋರ್ಡಿನ ಮೇಲೂ ಕನ್ನಡಿಯ ಹಿಂದಿನ ಕ್ಯಾಮೆರಾದ ಮೇಲೂ ಬೀಳಬಾರದು. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಇರುವ ಕ್ಲೀನರ್ ಬೇಡ. ಒಳಗೆ ಅಡ್ಡಡ್ಡ, ಹೊರಗೆ ಉದ್ದುದ್ದ ಒರೆಸುವುದನ್ನು ರೂಢಿಸಿಕೊಂಡರೆ ಉಳಿದ ಗೆರೆ ಯಾವ ಮೈಯದೆಂದು ಅದರ ದಿಕ್ಕೇ ಹೇಳುತ್ತದೆ. ಹಿಂಭಾಗದ ಗಾಜಿನಲ್ಲಿ ಬಿಸಿ ಮಾಡುವ ತಂತಿಗೆರೆಗಳಿದ್ದರೆ ಅವುಗಳ ಉದ್ದಕ್ಕೇ ಒರೆಸಿ. ಅಡ್ಡ ಉಜ್ಜಿದರೆ ಗೆರೆ ಕಿತ್ತು ಆ ಸಾಲು ಬಿಸಿಯಾಗುವುದು ನಿಲ್ಲುತ್ತದೆ.

ಆವಿ ಕಟ್ಟುವುದಕ್ಕೆ ಕಾರಣ, ಗಾಜಿನ ಮೈ ಅದನ್ನು ತಾಗಿದ ಗಾಳಿಗಿಂತ ತಣ್ಣಗಾಗಿ ಗಾಳಿಯಲ್ಲಿದ್ದ ತೇವ ಹನಿಯಾಗುವುದು. ಒಳಗೆ ಕಟ್ಟಿದರೆ ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಆರಿಸಿ, ಬಿಸಿಯನ್ನು ಸ್ವಲ್ಪ ಏರಿಸಿ. ಎಸಿ ಗಾಳಿಯ ತೇವವನ್ನು ಹೀರುತ್ತದೆ, ಬಿಸಿ ಗಾಜನ್ನು ಬೆಚ್ಚಗಾಗಿಸುತ್ತದೆ. ಎರಡೂ ಒಟ್ಟಿಗೆ ಕೆಲಸ ಮಾಡಬಲ್ಲವು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಸೆಕೆಯ, ತೇವದ ವಾತಾವರಣದಲ್ಲಿ ಇದಕ್ಕೆ ವಿರುದ್ಧವಾಗಿ ಹೊರಮೈ ಮಂಜಾಗುತ್ತದೆ. ಎಸಿಯ ತಣ್ಣನೆಯ ಗಾಳಿ ನೇರವಾಗಿ ಗಾಜಿಗೆ ಬೀಸುವುದೇ ಅದಕ್ಕೆ ಕಾರಣವಾದ್ದರಿಂದ ವೈಪರನ್ನು ಒಮ್ಮೆ ಆಡಿಸಿ, ಗಾಳಿಯ ದಿಕ್ಕು ಬದಲಿಸಿ, ಒಳಗಿನ ತಂಪನ್ನು ಕಡಿಮೆ ಮಾಡಬೇಕು. ಯಾವ ಮೈ ಮಂಜಾಗಿದೆಯೆಂದು ತಿಳಿಯದಿದ್ದರೆ ವೈಪರ್ ಆಡಿಸಿದ ಕೂಡಲೇ ಗೊತ್ತಾಗುತ್ತದೆ. ಆವಿ ದಿನವೂ ಕಾಡುತ್ತಿದ್ದರೆ ಕಾಲ ಕೆಳಗಿನ ಮ್ಯಾಟ್ ಒದ್ದೆಯಿದೆಯೇ, ಒಳಗಿನ ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ. ಅದರ ಜೊತೆಗೆ ಸಿಹಿ ವಾಸನೆ ಮತ್ತು ಗಾಜಿನ ಮೇಲೆ ಜಿಡ್ಡು ಪದರ ಕಂಡರೆ ಹೀಟರಿನಿಂದ ಕೂಲೆಂಟ್ ಸೋರುತ್ತಿರುವ ಸಂಭವವಿದ್ದು, ತಡಮಾಡದೆ ಗ್ಯಾರೇಜಿಗೆ ತೋರಿಸಬೇಕು.

ಹಿಮ ಕಟ್ಟಿದ ಗಾಜಿಗೆ ಬಿಸಿನೀರು ಸುರಿಯಬಾರದು, ತಾಪಮಾನದ ದಿಢೀರ್ ವ್ಯತ್ಯಾಸಕ್ಕೆ ಗಾಜು ಸೀಳುತ್ತದೆ. ಪ್ಲಾಸ್ಟಿಕ್ಕಿನ ಹೆರೆಯುವ ಪಟ್ಟಿ ಮತ್ತು ಡಿಫ್ರಾಸ್ಟ್ ಸಾಕು. ಬ್ಲೇಡ್ ಗಾಜಿಗೆ ಹೆಪ್ಪುಗಟ್ಟಿರುವಾಗ ವೈಪರ್ ಹಾಕಿದರೆ ಅಂಚು ಹರಿಯುತ್ತದೆ, ಮೋಟರಿಗೂ ಪೆಟ್ಟು.

ಗೀರು ಮತ್ತು ಚೂರೆದ್ದ ಗಾಜು

ಎಲ್ಲ ಮಾಡಿದ ಮೇಲೂ ಒಂದು ಗೆರೆ ಉಳಿದು, ಅದರ ಮೇಲೆ ಉಗುರು ಎಳೆದಾಗ ತಡೆದಂತಾದರೆ ಅದು ಗಾಜಿನ ಗೀರು. ರಬ್ಬರು ಹರಿದು ಲೋಹ ಗಾಜಿಗೆ ತಾಗಿದ ಮೇಲೂ ಓಡಿಸಿದ ಕಾರುಗಳಲ್ಲಿ ಕಮಾನಿನಂಥ ಆಳದ ಗೀರುಗಳು ಕಾಣುತ್ತವೆ. ತೀರ ತೆಳುವಾದವು ಪಾಲಿಶಿನಿಂದ ಮಾಸಬಹುದು. ಆಳದವನ್ನು ಉಜ್ಜುತ್ತ ಹೋದರೆ ಅಷ್ಟು ಜಾಗದಲ್ಲಿ ಗಾಜು ತಗ್ಗಾಗಿ ಅದರ ಮೂಲಕ ಕಾಣುವ ರಸ್ತೆ ಅಲುಗಿದಂತೆ ತೋರುತ್ತದೆ. ಚಾಲಕನ ಕಣ್ಣೆದುರಿನ ಜಾಗದಲ್ಲಿ ಇಂಥ ಪ್ರಯೋಗ ಬೇಡ, ಗಾಜು ಬದಲಿಸುವುದೇ ಸರಿ. ಕಲ್ಲು ಸಿಡಿದು ಚೂರೆದ್ದ ಸಣ್ಣ ಗುಳಿಗೆ ಮಾತ್ರ ರಾಳ ತುಂಬಿ ಸರಿಪಡಿಸುವ ವಿಧಾನವಿದೆ. ಆ ಗುಳಿಯೊಳಗೆ ನೀರು, ಮಣ್ಣು ಸೇರಿದರೆ ರಾಳ ಸರಿಯಾಗಿ ಕೂರುವುದಿಲ್ಲವಾದ್ದರಿಂದ, ದುರಸ್ತಿ ಮಾಡಿಸುವವರೆಗೆ ಅದರ ಮೇಲೆ ಪಾರದರ್ಶಕ ಟೇಪಿನ ತುಂಡೊಂದನ್ನು ಅಂಟಿಸಿಟ್ಟು, ವಾಷರ್ ನೀರನ್ನು ಬಳಸದೆ, ಎಸಿಯ ತಂಪನ್ನೂ ಹೀಟರಿನ ಬಿಸಿಯನ್ನೂ ನೇರವಾಗಿ ಗಾಜಿಗೆ ಬೀಸಲು ಬಿಡದೆ ಕಾರು ಓಡಿಸಬೇಕು.